ಗೋಧಿಯಿಲ್ಲದ ಹುಟ್ಟುಹಬ್ಬ

"ಒಂದೇ ಒಂದು ತುಂಡು ಕೇಕಿಗೆ ಏನಾಗ್ಬಿಡುತ್ತೆ?"

ಈ ಪ್ರಶ್ನೆಯನ್ನು ಆ ವಾರದಲ್ಲಿ ರೂಪ ಆರು ಸಲ ಕೇಳಿಸಿಕೊಂಡಿದ್ದಳು. ಸೋಮವಾರ ನೆಲಮಂಗಲದಿಂದ ನಾದಿನಿ ರಂಜಿತ ಫೋನ್ ಮಾಡಿ ಕೇಳಿದಳು. ಮಂಗಳವಾರ ಎದುರುಮನೆ ಅನುಸೂಯಮ್ಮ ನೀರು ಹಿಡಿಯುತ್ತಾ ಕೇಳಿದರು. ಉಳಿದ ನಾಲ್ಕು ಸಲ ಕೇಳಿದ್ದು ಮನೆಯಲ್ಲೇ ಇರುವ ಅತ್ತೆ ಮುನಿತಾಯಮ್ಮ. ಬುಧವಾರ ಸಂಜೆ ಅವಳು ಕೆಲಸದಿಂದ ಬಂದು ಚಪ್ಪಲಿ ಬಿಡುವಷ್ಟರಲ್ಲಿ ಅದೇ ಪ್ರಶ್ನೆ ಏಳನೇ ಸಲ ಬಂತು.

"ಅತ್ತೆ, ಆಗುತ್ತೆ ಅಂತ ಎಷ್ಟು ಸಲ ಹೇಳ್ಲಿ?"

"ವರ್ಷಕ್ಕೊಂದು ದಿನ ಕಣಮ್ಮ. ಮಗು ಆಸೆ ಪಡುತ್ತೆ. ನಾನೇನು ಇಡೀ ಕೇಕು ತಿನ್ನಿಸು ಅಂದ್ನಾ?"

"ಒಂದು ಚೂರೂ ಕೂಡದು."

"ಅದೇನು ವಿಷಾನಾ?"

"ಅವಳಿಗೆ ವಿಷಾನೇ."

"ಬಿಡ್ತು ಅನ್ನು! ದೀಪ ಹಚ್ಚೋ ಹೊತ್ತಲ್ಲಿ ಎಂಥ ಮಾತಾಡ್ತೀಯ!"

ರೂಪ ಬಚ್ಚಲಿಗೆ ಹೋಗಿ ಮುಖಕ್ಕೆ ತಣ್ಣೀರು ಎರಚಿಕೊಂಡಳು. ಬಿ.ಎಸ್ಸಿ. ಓದಿದ ಅವಳು ಸೋಂಪುರದ ಮಾತ್ರೆ ಕಂಪನಿಯೊಂದರಲ್ಲಿ ಕ್ವಾಲಿಟಿ ಚೆಕ್ ಕೆಲಸ ಮಾಡುತ್ತಾಳೆ. ದಿನಕ್ಕೆ ಸಾವಿರಾರು ಮಾತ್ರೆ ನೋಡಿ, ಒಡೆದದ್ದು, ಬಣ್ಣ ಕೆಟ್ಟದ್ದು ಹೆಕ್ಕಿ ತೆಗೆಯಬೇಕು. ಗಂಡ ಅಂಬರೀಶ್ ಅಲ್ಲೇ ಒಂದು ಗೋದಾಮಿನಲ್ಲಿ ಫೋರ್ಕ್‌ಲಿಫ್ಟ್ ಓಡಿಸುತ್ತಾನೆ. ಇಬ್ಬರೂ ಬೆಳಿಗ್ಗೆ ಏಳಕ್ಕೆ ಮನೆ ಬಿಟ್ಟರೆ ಮತ್ತೆ ಬರುವುದು ಸಂಜೆಗೆ. ಹಗಲೆಲ್ಲ ಮನೆ, ಅಡುಗೆ, ಮಗು ಅತ್ತೆಯ ಕೈಯಲ್ಲಿ. ಎರಡೆಕರೆ ಹೊಲದಲ್ಲಿ ಬೆಳೆದ ರಾಗಿಯನ್ನು ಹಸನು ಮಾಡುವುದು, ಬೀಸಿಸುವುದು, ಡಬ್ಬಿಗೆ ತುಂಬುವುದು ಕೂಡ ಅವರೇ.

ಭಾನುವಾರಕ್ಕೆ ಮಗಳು ಸಿಂಚನಳಿಗೆ ಒಂಬತ್ತು ತುಂಬುತ್ತದೆ. ಓದುತ್ತಿರುವುದು ನಾಲ್ಕನೇ ಕ್ಲಾಸು. ಎರಡನೇ ಕ್ಲಾಸಿನಲ್ಲಿ ಹೊಲಿಸಿದ ಯೂನಿಫಾರಂ ಇವತ್ತಿಗೂ ಅವಳಿಗೆ ಸರಿಯಾಗಿ ಆಗುತ್ತದೆ. ಬಿಟ್ಟುಬಿಟ್ಟು ಭೇದಿ, ಉಬ್ಬಿದ ಹೊಟ್ಟೆ, ಬಿಳಿಚಿಕೊಂಡ ಮುಖ. ಎರಡು ವರ್ಷ ಜಂತುಹುಳದ ಮಾತ್ರೆ ನುಂಗಿಸಿದ್ದಾಯಿತು, ರಕ್ತ ಕಡಿಮೆ ಅಂತ ಸಿರಪ್ ಕುಡಿಸಿದ್ದಾಯಿತು, ದೃಷ್ಟಿಯಾಗಿದೆ ಅಂತ ತಾಯಿತ ಕಟ್ಟಿಸಿದ್ದಾಯಿತು. ಕೊನೆಗೆ ಬೆಂಗಳೂರಿನ ಒಂದು ಮಕ್ಕಳ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡಿದರು. ಬಾಯಿಯಿಂದ ಸಣ್ಣ ಕೊಳವೆ ಇಳಿಸಿ ಕರುಳಿನ ಚೂರು ತೆಗೆದು ನೋಡಿದರು. ಇದು ಸೀಲಿಯಾಕ್ ಕಾಯಿಲೆ ಎಂದರು. ಗೋಧಿ, ಬಾರ್ಲಿಯಂಥ ಧಾನ್ಯಗಳಲ್ಲಿ ಗ್ಲುಟನ್ ಅನ್ನುವ ಅಂಶ ಇರುತ್ತದೆ, ಅದು ಈ ಮಗುವಿನ ಕರುಳಿಗೆ ಆಗುವುದಿಲ್ಲ. ಇದಕ್ಕೆ ಮಾತ್ರೆಯಿಲ್ಲ, ಇಂಜೆಕ್ಷನ್ ಇಲ್ಲ. ಗೋಧಿ, ಮೈದಾ, ಗೋಧಿ ರವೆ, ಅವುಗಳಿಂದ ಮಾಡಿದ್ದೆಲ್ಲವನ್ನೂ ಜೀವನಪೂರ್ತಿ ಬಿಡುವುದೊಂದೇ ದಾರಿ.

ಅದನ್ನು ಕೇಳಿ ರೂಪ ಆವತ್ತು ನಿಟ್ಟುಸಿರು ಬಿಟ್ಟಿದ್ದಳು. ಅಯ್ಯೋ, ಇಷ್ಟೇನಾ? ನಮ್ಮ ಕಡೆ ಮುದ್ದೆ, ಅನ್ನ, ಇಡ್ಲಿ, ದೋಸೆ ತಿನ್ನುವವರು. ನಮಗೆ ಗೋಧಿ ಬಿಡುವುದು ಯಾವ ದೊಡ್ಡ ಕಷ್ಟ? ಮನೆಯಲ್ಲಿ ಚಪಾತಿ, ಪೂರಿ, ಉಪ್ಪಿಟ್ಟು, ಬ್ರೆಡ್ಡು ಎಲ್ಲ ನಿಂತವು. ಬಿಸ್ಕತ್ತಿನ ಡಬ್ಬಿಯನ್ನು ತೊಳೆದು ಬೋರಲು ಹಾಕಿದಳು.

ವರ್ಷ ಕಳೆಯಿತು. ಹೋದ ತಿಂಗಳು ಮತ್ತೆ ರಕ್ತ ಪರೀಕ್ಷೆ ಮಾಡಿಸಿದರೆ, ಇಳಿಯಬೇಕಾದ ಅಂಕಿ ಇಳಿದಿರಲಿಲ್ಲ.

"ಎಲ್ಲೋ ಗೋಧಿ ಸೇರ್ತಿದೆ ತಾಯಿ, ಹುಡುಕಿ," ಎಂದಿದ್ದರು ಡಾಕ್ಟರು. "ಹೀಗೇ ಆದ್ರೆ ಮಗು ಬೆಳೆಯೋದು ನಿಂತು ಹೋಗುತ್ತೆ, ಮೂಳೆ ಸೊರಗುತ್ತೆ. ನಾಲ್ಕೈದು ತಿಂಗಳು ಬಿಟ್ಟು ನೋಡೋಣ. ಆಗ್ಲೂ ಇಳೀದಿದ್ರೆ ಮತ್ತೆ ಕೊಳವೆ ಹಾಕಿ ನೋಡ್ಬೇಕಾಗುತ್ತೆ."

ಕೊಳವೆ ಅಂದ ಕೂಡಲೇ ಸಿಂಚನ ಅಮ್ಮನ ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡಿದ್ದಳು.

ಆವತ್ತಿನಿಂದ ರೂಪಳ ಕಣ್ಣು ಪೊಲೀಸರ ಕಣ್ಣಾಯಿತು. ಸ್ಕೂಲ್ ಬ್ಯಾಗ್ ಜಾಡಿಸಿದಳು. ಮಗುವಿನ ಬಾಯಿ ಮೂಸಿ ನೋಡಿದಳು. ಅಕ್ಕಪಕ್ಕದ ಮನೆಯವರ ಮುಂದೆ ಕೈಮುಗಿದು, "ಏನೂ ಕೊಡಬೇಡ್ರೀ" ಎಂದಳು. ಅವರೆಲ್ಲ ಹೂಂ ಅಂದರು. ಹಿಂದಿನಿಂದ, "ಓದಿದವಳು ನೋಡಿ, ದೊಡ್ಡೋರ ಮನೆ ಕಾಯ್ಲೆ ತಂದವ್ಳೆ" ಎಂದೂ ಅಂದರು.

ಅವಳಿಗೆ ಹೆಚ್ಚು ಅನುಮಾನ ಇದ್ದದ್ದು ಅತ್ತೆಯ ಮೇಲೆ. ಅದಕ್ಕೆ ಕಾರಣವೂ ಇತ್ತು. ಎರಡು ತಿಂಗಳ ಹಿಂದೆ ಅನುಸೂಯಮ್ಮನ ಮನೆಯ ಸತ್ಯನಾರಾಯಣ ಪೂಜೆಯಲ್ಲಿ ಅತ್ತೆ ಮೊಮ್ಮಗಳ ಬಾಯಿಗೆ ಸಜ್ಜಿಗೆ ಪ್ರಸಾದ ಇಟ್ಟಿದ್ದರು. ಸಜ್ಜಿಗೆ ಎಂದರೆ ಗೋಧಿ ರವೆ.

"ದೇವರ ಪ್ರಸಾದಕ್ಕೆ ಕಾಯ್ಲೆ ಬರುತ್ತೇನೇ?" ಎಂದು ಅವರೇ ಬಾಯಿ ಮಾಡಿದ್ದರು. ಮೂರು ದಿನ ಮಗು ಬಚ್ಚಲು ಬಿಟ್ಟು ಬರಲಿಲ್ಲ. ಆ ಜಗಳದಲ್ಲಿ ಮುನಿತಾಯಮ್ಮ, "ಮುನೇಶ್ವರನಾಣೆ, ಇನ್ನು ಒಂದು ಬಿಸ್ಕತ್ತೂ ಕೊಡಲ್ಲ" ಎಂದಿದ್ದರು. ಅವರು ಆಣೆ ಮುರಿಯುವ ಹೆಂಗಸಲ್ಲ. ಹಾಗಾದರೆ ಗೋಧಿ ಬರುತ್ತಿರುವುದು ಎಲ್ಲಿಂದ?

ಇದರ ನಡುವೆ ಹುಟ್ಟುಹಬ್ಬ ಬೇರೆ. ರೂಪ ಈ ವರ್ಷ ಅದನ್ನು ಬಿಟ್ಟೇಬಿಡೋಣ ಎಂದುಕೊಂಡಿದ್ದಳು. ಆದರೆ ಸಿಂಚನ ಒಂದು ದಿನ ಊಟದ ಹೊತ್ತಿನಲ್ಲಿ ತಟ್ಟೆ ನೋಡುತ್ತಾ ಹೇಳಿದಳು: "ಎಲ್ಲಾರ ಮನೆ ಫಂಕ್ಷನ್ನಲ್ಲೂ ನಾನೊಬ್ಳೇ ಡಬ್ಬಿ ಹಿಡ್ಕೊಂಡು ಮೂಲೇಲಿ ಕೂತ್ಕೋತೀನಿ. ನನ್ ಹುಟ್ಟಿದಬ್ಬಕ್ಕೂ ಡಬ್ಬೀನಾ ಅಮ್ಮಾ?"

ರೂಪ ಆ ಕ್ಷಣವೇ ನಿರ್ಧರಿಸಿದಳು. ಹುಟ್ಟುಹಬ್ಬ ಆಗಬೇಕು. ನಲವತ್ತು ಜನ ಬರಲಿ. ಮಗುವಿಗೆ ಬೇರೆ ಅಡುಗೆ ಇಲ್ಲ, ನೆಂಟರಿಗೆ ಬೇರೆ ಅಡುಗೆ ಇಲ್ಲ. ಒಲೆಯ ಮೇಲೆ ಏರುವುದೆಲ್ಲ ಮಗು ತಿನ್ನುವಂಥದ್ದೇ.

ಗುರುವಾರ ಸಂಜೆ ಶಾಮಲಾ ಬಂದಳು. ಊರಿನ ಆರೋಗ್ಯ ಉಪಕೇಂದ್ರದ ನರ್ಸು. ಹೈಸ್ಕೂಲಿನಲ್ಲಿ ರೂಪಳ ಪಕ್ಕದ ಬೆಂಚು. ಇಬ್ಬರೂ ಹಾಳೆ ಪೆನ್ನು ಹಿಡಿದು ಅಡುಗೆಯ ಪಟ್ಟಿ ಬರೆಯಲು ಕೂತರು. ಮುನಿತಾಯಮ್ಮ ಎದುರಿಗೆ ಕಂಬಕ್ಕೆ ಒರಗಿ, ಕಾಲು ಚಾಚಿ ಅವರೆಕಾಯಿ ಸುಲಿಯುತ್ತಾ ಕೂತರು.

"ಒಬ್ಬಟ್ಟು ಬರ್ಕೊಳ್ರಮ್ಮ," ಎಂದರು.

"ಒಬ್ಬಟ್ಟಿನ ಕಣಕ ಮೈದಾದ್ದಮ್ಮ. ಬೇಡ," ಎಂದಳು ಶಾಮಲಾ.

"ಪೂರಿ ಸಾಗು?"

"ಪೂರಿ ಗೋಧಿ."

"ಕಬಾಬು?"

"ಪ್ಯಾಕೆಟ್ ಪುಡೀಲಿ ಮೈದಾ ಇದ್ರೂ ಇರುತ್ತೆ. ಪ್ಯಾಕೆಟ್ ಬೇಡ. ಅಕ್ಕಿ ಹಿಟ್ಟು, ಖಾರದ ಪುಡಿ, ಶುಂಠಿ ಬೆಳ್ಳುಳ್ಳಿ ಮನೇಲೇ ಕಲಸ್ಕೊಳ್ಳಿ. ಎಣ್ಣೆ ಹೊಸದಾಗಿರ್ಲಿ, ಪೂರಿ ಕರಿದಿದ್ದು ಬೇಡ."

"ಕೋಳಿ ಸಾರಾದ್ರೂ ಮಾಡ್ಬೋದಾ? ಇಲ್ಲಾ, ಕೋಳಿ ಗೋಧಿ ತಿಂದಿರುತ್ತೆ ಅಂತ ಅದಕ್ಕೂ ಅಡ್ಡ ಹಾಕ್ತೀಯಾ?"

ಶಾಮಲಾ ನಕ್ಕುಬಿಟ್ಟಳು. ರೂಪಳಿಗೆ ನಗು ಬರಲಿಲ್ಲ. ಶಾಮಲಾಳೇ ಮುಂದುವರಿಸಿದಳು: "ಕೋಳಿ ತಿಂದಿದ್ದು ಕೋಳಿಗೆ ಹೋಯ್ತು. ಸಾರು ಧಾರಾಳವಾಗಿ ಮಾಡಿ. ಮಸಾಲೆ ಮನೇಲೇ ಹುರಿದು ರುಬ್ಬಿ. ರೂಪಾ, ನಿಮ್ಮನೆ ಹಿಂಗಿನ ಡಬ್ಬಿ ತಗೊಂಡು ಬಾ."

ರೂಪ ತಂದಳು. ಶಾಮಲಾ ಡಬ್ಬಿಯನ್ನು ತಿರುಗಿಸಿ ಬೆಳಕಿಗೆ ಹಿಡಿದಳು. ಇರುವೆ ಸಾಲಿನಂಥ ಅಕ್ಷರದಲ್ಲಿ ಬರೆದಿತ್ತು: ಗೋಧಿ ಹಿಟ್ಟು.

ರೂಪ ಡಬ್ಬಿಯನ್ನೇ ನೋಡುತ್ತಾ ಕೂತಳು. ಕಂಪನಿಯಲ್ಲಿ ಕೂದಲೆಳೆಯಷ್ಟು ಬಿರುಕನ್ನೂ ಹಿಡಿಯುವ ಕಣ್ಣು, ವರ್ಷವಿಡೀ ಸಾರಿಗೆ ಹಾಕಿದ ಹಿಂಗಿನ ಡಬ್ಬಿಯ ಬೆನ್ನನ್ನು ಒಮ್ಮೆಯೂ ಓದಿರಲಿಲ್ಲ.

"ಇದೇನಾ ಹಾಗಾದ್ರೆ? ಸಿಕ್ತಾ?"

"ಇದೂ ಒಂದು. ಬಿಸಾಕು. ಗೋಧಿ ಇಲ್ಲದ ಹಿಂಗು ಹುಡುಕ್ಬೇಕು, ಇಲ್ಲ ಹಿಂಗೇ ಹಾಕ್ಬೇಡ. ಆದ್ರೆ ಚಿಟಿಕೆ ಹಿಂಗಿನಿಂದ್ಲೇ ಅಂಕಿ ಅಷ್ಟು ಏರಿರುತ್ತೆ ಅಂತ ನಂಗನ್ಸಲ್ಲ. ಇನ್ನೂ ಏನೋ ಇರ್ಬೇಕು."

ಮುನಿತಾಯಮ್ಮ ಅವರೆಕಾಯಿ ಸಿಪ್ಪೆಯನ್ನು ಮೊರಕ್ಕೆ ಎಸೆದರು. "ನಾವೂ ತಿಂದು ಬೆಳೆದಿಲ್ವಾ? ನಮಗ್ಯಾಕೆ ಏನೂ ಆಗ್ಲಿಲ್ಲ? ಹೇಳಮ್ಮ, ನೀನು ನರ್ಸು."

"ನಿಮಗೆ ಈ ಕಾಯ್ಲೆ ಇಲ್ಲಮ್ಮ. ಎಲ್ಲರಿಗೂ ಬರೋದಲ್ಲ ಇದು. ಅಂಟೋದೂ ಅಲ್ಲ." ಶಾಮಲಾ ಗೂಟಕ್ಕೆ ನೇತುಹಾಕಿದ್ದ ಟವೆಲ್ ಎಳೆದು ಅವರ ತೊಡೆಯ ಮೇಲೆ ಹಾಸಿದಳು. "ಇದರ ಮೇಲೆ ಸಣ್ಣ ಸಣ್ಣ ಎಳೆ ಎದ್ದಿದೆ, ನೋಡಿ. ನೀರು ಹೀರೋದು ಅದೇ. ನಮ್ಮ ಕರುಳೊಳಗೂ ಹಿಂಗೇ ಎಳೆ ಇರುತ್ತೆ, ತಿಂದಿದ್ದರ ಸಾರ ಹೀರೋಕೆ. ಸಿಂಚನಂಗೆ ಗೋಧಿ ಒಳಗೆ ಹೋದ್ರೆ, ಮೈ ಕಾಯೋ ಶಕ್ತಿನೇ ತಪ್ಪು ತಿಳ್ಕೊಂಡು ಆ ಎಳೇನೆಲ್ಲ ಕೆಡಿಸ್ಬಿಡುತ್ತೆ. ಟವೆಲ್ಲು ಬೋಳಾಗುತ್ತೆ. ಆಮೇಲೆ ನೀವು ಎಷ್ಟು ಮೊಟ್ಟೆ, ಎಷ್ಟು ಹಾಲು ಕೊಟ್ರೂ ಮೈಗೆ ಹತ್ತಲ್ಲ. ಪೂರ್ತಿ ಗೋಧಿ ನಿಲ್ಲಿಸಿದ್ರೆ ಎಳೆ ಮತ್ತೆ ನಿಧಾನಕ್ಕೆ ಚಿಗುರುತ್ತೆ. ಮಧ್ಯೆ ಮಧ್ಯೆ ಚೂರು ಚೂರು ಹೋಗ್ತಿದ್ರೆ ಚಿಗುರೋದು ಎಲ್ಲಿಂದ?"

ಮುನಿತಾಯಮ್ಮ ಟವೆಲ್ ಮೇಲೆ ಕೈಯಾಡಿಸಿದರು. "ಏನೋಮ್ಮ. ನಂಗೆ ತಿಳಿಯಲ್ಲ. ನಾನಂತೂ ಗೋಧಿ ಮುಟ್ಟಿಸ್ತಿಲ್ಲ," ಎಂದು ಎದ್ದು ಹೋದರು.

ಶುಕ್ರವಾರ ರೂಪ ರಜೆ ಹಾಕಿದಳು. ಬೆಳಿಗ್ಗೆ ಹತ್ತರ ಹೊತ್ತಿಗೆ ಒರೆಸುವ ಬಟ್ಟೆ ಹಿಡಿದು ಜಗುಲಿಗೆ ಬಂದಾಗ ಅತ್ತೆ ರಾಗಿ ಕೇರುತ್ತಿದ್ದರು. ಭಾನುವಾರದ ಮುದ್ದೆಗೆ ಐದು ಸೇರು. ಬೈಲಪ್ಪನ ಹಿಟ್ಟಿನ ಮಿಲ್ಲಿಗೆ ಕಳಿಸಲು ಚೀಲ ಸಿದ್ಧವಾಗಿತ್ತು. ಈ ಕೆಲಸ ನಡೆಯುವ ಹೊತ್ತಿಗೆ ರೂಪ ಯಾವತ್ತೂ ಕಂಪನಿಯಲ್ಲಿರುತ್ತಿದ್ದಳು. ಹಿಟ್ಟು ಡಬ್ಬಿಗೆ ಬಿದ್ದ ಮೇಲೆಯೇ ಅವಳು ಅದನ್ನು ನೋಡುತ್ತಿದ್ದದ್ದು.

ಮುನಿತಾಯಮ್ಮ ರಾಗಿಯನ್ನು ಚೀಲಕ್ಕೆ ಸುರಿದರು. ಪಕ್ಕದಲ್ಲಿದ್ದ ಒಂದು ತಗಡಿನ ಡಬ್ಬಿಗೆ ಕೈ ಹಾಕಿ, ಒಂದು ಹಿಡಿ ತೆಗೆದು ಚೀಲಕ್ಕೆ ಹಾಕಿದರು. ಇನ್ನೊಂದು ಹಿಡಿ. ಮತ್ತೊಂದು.

"ಅದೇನತ್ತೆ?"

"ಗೋಧಿ," ಎಂದರು ಮುನಿತಾಯಮ್ಮ, ಉಪ್ಪು ಎಂದಷ್ಟೇ ಸಲೀಸಾಗಿ.

ರೂಪಳ ಕೈಯಲ್ಲಿದ್ದ ಬಟ್ಟೆಯಿಂದ ನೀರು ತೊಟ್ಟಿಕ್ಕುತ್ತಿತ್ತು. "ಯಾಕೆ?"

"ಸೇರಿಗೊಂದು ಹಿಡಿ ಹಾಕಿದ್ರೆ ಮುದ್ದೆಗೆ ಜಿಗಿ ಬರುತ್ತೆ. ಇಲ್ದಿದ್ರೆ ಒಡೆಯುತ್ತೆ. ಊರವರೆಲ್ಲ ಮುನಿತಾಯಮ್ಮನ ಮುದ್ದೆ ಅಂತ ಹೊಗಳೋದು ಸುಮ್ನೇನಾ?"

"ಯಾವಾಗಿಂದ ಹಾಕ್ತಿದ್ದೀರಿ?"

"ಯಾವಾಗಿಂದ ಅಂದ್ರೆ? ರೇಷನ್ನಲ್ಲಿ ಗೋಧಿ ಕೊಡೋಕೆ ಶುರು ಮಾಡಿದ್ರಲ್ಲ, ಆವಾಗಿಂದ. ಈಗ ಅಂಗಡೀಲಿ ತರಿಸ್ತೀನಿ."

"ಅತ್ತೆ, ಅದು ಗೋಧಿ!"

"ಗೊತ್ತು ಕಣೇ ಗೋಧಿ ಅಂತ, ನಾನೇನು ಕುರುಡೀನಾ?"

"ಸಿಂಚನಂಗೆ ಗೋಧಿ ಕೊಡಬೇಡಿ ಅಂತ ಒಂದು ವರ್ಷದಿಂದ ಬಡ್ಕೊಳ್ತಿದೀನಲ್ಲಾ!"

"ನಾನೆಲ್ಲಿ ಕೊಟ್ಟೆ? ಚಪಾತಿ ಕೊಟ್ನಾ, ಪೂರಿ ಕೊಟ್ನಾ? ಆಣೆ ಇಟ್ಟ ಮೇಲೆ ಒಂದು ಬಿಸ್ಕತ್ತು ಮುಟ್ಟಿಸಿಲ್ಲ. ಇದು ಬರೀ ಮುದ್ದೆಗೆ..."

ಮುನಿತಾಯಮ್ಮನ ಕೈ ಇನ್ನೂ ಡಬ್ಬಿಯೊಳಗಿತ್ತು. ಅವರು ಅದನ್ನು ಹೊರಗೆ ತೆಗೆಯಲಿಲ್ಲ.

ರೂಪಳ ತಲೆಯೊಳಗೆ ಗುಣಾಕಾರ ತಾನಾಗಿಯೇ ನಡೆಯುತ್ತಿತ್ತು. ದಿನಕ್ಕೆ ಎರಡು ಹೊತ್ತು ಮುದ್ದೆ, ಒಂದು ವರ್ಷ. ಮಗು ಸಾಕು ಎಂದು ಮುಖ ತಿರುಗಿಸಿದಾಗೆಲ್ಲ, "ಇನ್ನೊಂದು ತುತ್ತು ಮುದ್ದೆ ತಿನ್ನು ಪುಟ್ಟ, ಮೈಗೆ ಶಕ್ತಿ ಬರುತ್ತೆ" ಎಂದು ಸಾರಿನಲ್ಲಿ ಅದ್ದಿ ಬಾಯಿಗಿಟ್ಟದ್ದು ಅತ್ತೆಯಲ್ಲ. ತಾನು. ಬಿಸ್ಕತ್ತಿನ ಡಬ್ಬಿ ತೊಳೆದಳು, ಊರವರಿಗೆ ಕೈಮುಗಿದಳು. ತಮ್ಮದೇ ರಾಗಿ ಹಿಟ್ಟಿನಲ್ಲಿ ರಾಗಿ ಬಿಟ್ಟು ಬೇರೇನಾದರೂ ಇದೆಯೇ ಎಂದು ಒಂದು ದಿನವೂ ಕೇಳಲಿಲ್ಲ.

ಮುನಿತಾಯಮ್ಮ ತಟ್ಟನೆ ಎದ್ದು ಜರಡಿ ತಂದರು. "ತಡಿ, ತಡಿ. ರಾಗಿ ಕೆಳಗಿಳಿಯುತ್ತೆ, ಗೋಧಿ ಮೇಲೆ ನಿಲ್ಲುತ್ತೆ. ಈಗ್ಲೇ ಬೇರೆ ಮಾಡ್ಬಿಡ್ತೀನಿ." ಅವಸರದಲ್ಲಿ ಚೀಲವನ್ನು ಜರಡಿಗೆ ಬಗ್ಗಿಸಿದರು. ರಾಗಿ ಜಗುಲಿಯ ಮೇಲೆಲ್ಲ ಚೆಲ್ಲಿತು.

"ಈ ಚೀಲದ್ದನ್ನ ಜರಡಿ ಹಿಡೀತೀರಿ. ವರ್ಷದಿಂದ ಅವಳ ಹೊಟ್ಟೆಗೆ ಹೋಗಿದ್ದನ್ನ ಯಾವ ಜರಡೀಲಿ ಹಿಡೀತೀರಿ ಅತ್ತೆ?"

ಹೇಳಿದ ಮೇಲೆ ರೂಪಳಿಗೇ ಆ ಮಾತು ಹೆಚ್ಚಾಯಿತು ಅನ್ನಿಸಿತು. ಆದರೆ ವಾಪಸ್ ತೆಗೆದುಕೊಳ್ಳುವಷ್ಟು ತಾಳ್ಮೆ ಉಳಿದಿರಲಿಲ್ಲ. ಮುನಿತಾಯಮ್ಮ ಚೆಲ್ಲಿದ ರಾಗಿಯನ್ನು ಅಂಗೈಯಲ್ಲಿ ಬಳಿಯುತ್ತಾ ಕೂತರು.

ಮಧ್ಯಾಹ್ನ ಶಾಮಲಾ ಫೋನಿನಲ್ಲಿ ಎಲ್ಲ ಕೇಳಿಸಿಕೊಂಡಳು. "ಬೈಬೇಡ ಕಣೇ ಅವರನ್ನ. ಗೋಧಿ ಅಂದ್ರೆ ಚಪಾತಿ ಅಂತ ಅಂದ್ಕೊಂಡಿದ್ದಾರೆ. ನಾವು ಹೇಳೋವಾಗ್ಲೂ ಹಂಗೇ ಹೇಳಿದೀವಿ, ಚಪಾತಿ ಬೇಡ, ಪೂರಿ ಬೇಡ ಅಂತ. ಡಬ್ಬಿಲಿರೋ ಹಿಟ್ಟು ಹಸೂಗೆ ಹಾಕು. ಡಬ್ಬಿ, ಜರಡಿ, ಮುದ್ದೆ ಕೋಲು ಎಲ್ಲ ಹೊಸದು ತಗೋ. ಗೋಧಿ ಸೇರಿಲ್ಲದ ಮೂಟೆಯಿಂದ ಬೇರೆ ರಾಗಿ ತೆಗಿ. ಬೈಲಪ್ಪನ ಮಿಲ್ಲಿಗೆ ಮಾತ್ರ ಕಳಿಸ್ಬೇಡ."

"ಯಾಕೆ? ಬರೀ ರಾಗಿ ಕಳಿಸಿದ್ರೆ?"

"ಅಲ್ಲಿ ಒಂದೇ ಕಲ್ಲು. ನಿನ್ನ ರಾಗಿಗೆ ಮುಂಚೆ ಯಾರೋ ಗೋಧಿ ಬೀಸಿಸಿರ್ತಾರೆ. ಕಲ್ಲಿನ ಸಂದೀಲಿ ಉಳಿದಿದ್ದು ಸೀದಾ ನಿನ್ನ ಚೀಲಕ್ಕೆ ಬೀಳುತ್ತೆ."

ರೂಪಳಿಗೆ ಅಳುವುದೋ ಕಿರುಚುವುದೋ ತಿಳಿಯಲಿಲ್ಲ. ಸಂಜೆ ಅಂಬರೀಶ್ ವಿಷಯ ಕೇಳಿ, ತಲೆ ಕೆರೆದುಕೊಂಡು, "ಹಂಗಾದ್ರೆ ಮುದ್ದೇನೇ ಬೇಡ ಬಿಡು. ಅನ್ನ ಹಾಕಿದ್ರಾಯ್ತು," ಎಂದ.

ಮುನಿತಾಯಮ್ಮ ಒಳಗಿನಿಂದ ಎದ್ದು ಬಂದರು. "ಮುದ್ದೆ ಆಗ್ಬೇಕು. ಅದೂ ಆ ಮಗು ತಿನ್ನೋ ಅಂಥದ್ದು."

ಶನಿವಾರ ಅಂಬರೀಶ್ ಮಿಕ್ಸಿ ಜಾರನ್ನು ಬಿಸಿನೀರಿನಲ್ಲಿ ತೊಳೆದು ಒಣಗಿಸಿ, ಬೇರೆ ಮೂಟೆಯ ರಾಗಿ ಹಾಕಿದ. ಐದು ಸೇರು ರಾಗಿ, ಅಂಗೈಯಗಲದ ಜಾರು. ನಾಲ್ಕನೇ ಸುತ್ತಿಗೆ ಮಿಕ್ಸಿಯಿಂದ ಸುಟ್ಟ ವಾಸನೆ ಬಂತು. ಐದನೇ ಸುತ್ತಿಗೆ ಹೊಗೆ ಬಂತು.

"ಮೋಟ್ರು ಹೋಯ್ತು," ಎಂದ ಅಂಬರೀಶ್.

"ಗೊತ್ತಾಯ್ತು ರೀ. ಹೊಗೆ ನನಗೂ ಕಾಣ್ತಿದೆ."

ಗಂಡ ಹೆಂಡಿರು ಹೀಗೆ ಮಿಕ್ಸಿಯ ಮುಂದೆ ಜಗಳವಾಡುತ್ತಿದ್ದಾಗ ಹಿತ್ತಲಿನಿಂದ ಉರುಳುವ ಸದ್ದು ಕೇಳಿಸಿತು. ಕೊಟ್ಟಿಗೆಯ ತಗಡು ಗಾಳಿಗೆ ಹಾರದಿರಲಿ ಎಂದು ಹೇರಿಟ್ಟಿದ್ದ ಬೀಸುಕಲ್ಲಿನ ಎರಡು ಹೋಳುಗಳನ್ನು ಮುನಿತಾಯಮ್ಮ ಒಬ್ಬರೇ ಕೆಳಗಿಳಿಸಿ, ಅಂಗಳಕ್ಕೆ ಉರುಳಿಸುತ್ತಿದ್ದರು. ಕುದಿಯುವ ನೀರು ಹುಯ್ದು, ಬ್ರಷ್ಷಿನಲ್ಲಿ ಮೂರು ಸಲ ಉಜ್ಜಿ ಬಿಸಿಲಿಗಿಟ್ಟರು.

ರೂಪ ಹತ್ತಿರ ಹೋಗಿ ನಿಂತಳು. ಕೇಳಲು ಭಯ. ಕೇಳದಿರಲು ಇನ್ನೂ ಭಯ. "ಅತ್ತೆ, ಇದ್ರಲ್ಲಿ ಯಾವತ್ತಾದ್ರೂ ಗೋಧಿ ಬೀಸಿದ್ರಾ?"

ಒಂದು ವಾರದ ಹಿಂದಾಗಿದ್ದರೆ ಈ ಪ್ರಶ್ನೆಗೆ ಜಗಳವೇ ಆಗುತ್ತಿತ್ತು. ಮುನಿತಾಯಮ್ಮ ಸಿಟ್ಟಾಗಲಿಲ್ಲ. ಕಲ್ಲಿನ ಮೇಲೆ ಕೈಯಿಟ್ಟು, ಕಣ್ಣು ಸಣ್ಣದು ಮಾಡಿ, ಬಹಳ ಹೊತ್ತು ಯೋಚಿಸಿದರು.

"ಇಲ್ಲ. ಈ ಮನೆಗೆ ಗೋಧಿ ಬರೋ ಹೊತ್ಗೆ ಊರಿಗೆ ಮಿಲ್ಲು ಬಂದಿತ್ತು. ಇದ್ರಲ್ಲಿ ರಾಗಿ, ಹುರುಳಿ, ಅವರೆ, ಅಷ್ಟೇ. ಆದ್ರೂ ಮೊದಲ್ನೇ ಸೇರು ಬೀಸಿ ಹಸೂಗೆ ಹಾಕ್ಬಿಡ್ತೀನಿ."

ರೂಪ ಎದುರಿಗೆ ಕೂತು ಗೂಟಕ್ಕೆ ಕೈ ಹಾಕಿದಳು. ಹತ್ತು ನಿಮಿಷಕ್ಕೆ ರಟ್ಟೆ ಸೋತಿತು. ಸದ್ದು ಕೇಳಿ ಬಂದ ಅನುಸೂಯಮ್ಮ, "ಏನ್ ಅಕ್ಕಾ, ಕರೆಂಟ್ ಇಲ್ಲದ ಕಾಲಕ್ಕೆ ಹೋಗ್ಬಿಟ್ರಾ?" ಎಂದು ರೇಗಿಸಿದರು.

"ಕೈ ಹಾಕೋಳು ಹಾಕು, ಇಲ್ಲ ಸುಮ್ನೆ ಹೋಗು," ಎಂದರು ಮುನಿತಾಯಮ್ಮ. ಅನುಸೂಯಮ್ಮ ಕೈ ತೊಳೆದುಕೊಂಡು ಬಂದು ಕೂತರು.

ಭಾನುವಾರ ಮಧ್ಯಾಹ್ನಕ್ಕೆ ಎಲ್ಲ ಸಿದ್ಧವಾಯಿತು. ಮುದ್ದೆ, ನಾಟಿ ಕೋಳಿ ಸಾರು, ಅಕ್ಕಿ ಹಿಟ್ಟಿನ ಕಬಾಬು, ಅನ್ನ, ಮೊಸರು. ನೆನೆಸಿದ ಅಕ್ಕಿಯನ್ನು ಗ್ರೈಂಡರಿನಲ್ಲಿ ರುಬ್ಬಿ ಬೇಯಿಸಿ ಒತ್ತಿದ ಶ್ಯಾವಿಗೆ, ಅದಕ್ಕೆ ಬೆಲ್ಲದ ಕಾಯಿಹಾಲು. ಬೀಸುಕಲ್ಲಿನ ರಾಗಿ ಹಿಟ್ಟಿಗೆ ಬೆಲ್ಲ, ಮೊಟ್ಟೆ, ಬಾಳೆಹಣ್ಣು ಸೇರಿಸಿ ಕುಕ್ಕರಿನಲ್ಲಿ ಬೇಯಿಸಿದ ಕೇಕೂ ಇತ್ತು. ಅದು ನಡುವೆ ಬಾವಿಯ ಹಾಗೆ ಕುಸಿದಿತ್ತು. ರೂಪ ಆ ಗುಂಡಿಗೆ ಕಾಯಿತುರಿ ತುಂಬಿ, ಇನ್ನು ಯಾರೂ ಏನೂ ಹೇಳಕೂಡದು ಎನ್ನುವ ಮುಖ ಮಾಡಿಕೊಂಡು ಮೇಜಿನ ಮೇಲಿಟ್ಟಳು.

ಹನ್ನೆರಡೂವರೆಗೆ ರಂಜಿತಳ ಸ್ಕೂಟಿ ಗೇಟಿನ ಮುಂದೆ ನಿಂತಿತು. ಕೈಯಲ್ಲಿ ಬೇಕರಿಯ ಡಬ್ಬ. ರೂಪ ಅಡುಗೆಮನೆ ಕಿಟಕಿಯಿಂದ ನೋಡಿ ಹಣೆ ಚಚ್ಚಿಕೊಂಡಳು. ಎಷ್ಟು ಫೋನು, ಎಷ್ಟು ಮೆಸೇಜು! ಅವಳು ಹೊರಗೆ ಹೋಗುವ ಮೊದಲೇ ಮುನಿತಾಯಮ್ಮ ಗೇಟಿಗೆ ಅಡ್ಡ ನಿಂತಿದ್ದರು.

"ಅದನ್ನ ಗಾಡಿ ಡಿಕ್ಕೀಲೇ ಇಡು."

"ಅಮ್ಮಾ, ಹೆಸರು ಬರ್ಸಿ ತಂದಿದೀನಿ! ಸಿಂಚನಂಗೆ ಕೊಡಲ್ಲ, ಬೇರೆ ಮಕ್ಳು ತಿಂತಾರೆ."

"ಬೇರೆ ಮಕ್ಳ ಕೈಯಿಂದ ಪುಡಿ ಉದುರುತ್ತೆ. ಅದೇ ಚಾಕು, ಅದೇ ತಟ್ಟೆ. ಒಳಗೆ ಬೇಡ."

"ನೀನೂ ಅತ್ತಿಗೆ ಥರ ಆಡ್ತೀಯಲ್ಲಮ್ಮ!"

ಮುನಿತಾಯಮ್ಮ ದನಿ ತಗ್ಗಿಸಲಿಲ್ಲ. ಜಗುಲಿಯಲ್ಲಿದ್ದ ನೆಂಟರಿಗೆಲ್ಲ ಕೇಳಿಸಿತು. "ಮುದ್ದೆ ಹಿಟ್ಟಿಗೆ ಗೋಧಿ ಹಾಕಿ, ಒಂದು ವರ್ಷ ನಾನೇ ಆ ಮಗೂಗೆ ತಿನ್ನಿಸಿದೀನಿ. ಗೊತ್ತಿಲ್ದೆ ತಿನ್ನಿಸ್ದೆ. ಈಗ ಗೊತ್ತಿದ್ದೂ ತಿನ್ನಿಸ್ಲಾ?"

ರಂಜಿತ ತಾಯಿಯ ಮುಖ ನೋಡಿದಳು. ಆಮೇಲೆ ಡಬ್ಬವನ್ನು ಡಿಕ್ಕಿಗೆ ಇಟ್ಟು, ಕೈ ತೊಳೆದುಕೊಂಡು ಒಳಗೆ ಬಂದಳು.

ಎಲೆ ಹಾಕಿದರು. ಸಿಂಚನ ಸಾಲಿನ ನಡುವೆ, ಗೆಳತಿಯರ ಜೊತೆ ಕೂತಳು. ಕಬಾಬು ಬಂದಾಗ ರೂಢಿಯಂತೆ ತಲೆಯೆತ್ತಿ, "ಅಮ್ಮಾ, ಇದು ತಿನ್ಬೋದಾ?" ಎಂದಳು.

"ತಿನ್ಬೋದು."

"ಶ್ಯಾವಿಗೆ?"

"ಅದೂ."

"ಅವಳ ಎಲೇಲಿರೋದು?"

"ಎಲ್ಲಾರ ಎಲೇಲಿರೋದೂ ತಿನ್ಬೋದು ಪುಟ್ಟ. ಇವತ್ತು ಕೇಳ್ಬೇಡ, ತಿನ್ನು."

ಸಿಂಚನ ಪಕ್ಕದವಳ ಎಲೆಯಿಂದ ಒಂದು ಕಬಾಬು ಎತ್ತಿಕೊಂಡಳು. ಆ ಹುಡುಗಿ ಕೂಗಾಡಿ ಇವಳ ಎಲೆಯಿಂದ ಎರಡು ಕಿತ್ತುಕೊಂಡಳು. ಇಬ್ಬರೂ ಸಾರು ಚೆಲ್ಲಿಕೊಂಡು ಜಗಳವಾಡಿದರು. ಆ ಜಗಳವನ್ನು ಬಿಡಿಸಲು ರೂಪಳಿಗೆ ಮನಸ್ಸಾಗಲಿಲ್ಲ.

ಹಿರಿಯರ ಸಾಲಿನಲ್ಲಿ ಕೂತಿದ್ದ ಬೈಲಪ್ಪ ಮುದ್ದೆ ಮುರಿಯುತ್ತಾ ಕೂಗಿದ: "ಇದೇನ್ ಮುನಿತಾಯಕ್ಕ, ಇವತ್ತು ಮುದ್ದೆ ಒಡೀತಾ ಐತೆ? ನಿನ್ ಕೈಗೇನಾಯ್ತು?"

ಊರಿನಲ್ಲಿ ಯಾರೂ ಇದುವರೆಗೆ ಆಡದಿದ್ದ ಮಾತು. ಮುನಿತಾಯಮ್ಮ ಸಾರಿನ ಸೌಟು ಹಿಡಿದು ಮುಂದೆ ಹೋಗುತ್ತಾ, "ಒಡೀಲಿ ಬಿಡು," ಎಂದರು.

ಊಟವಾದ ಮೇಲೆ ಅನುಸೂಯಮ್ಮ ಶಾಮಲಾಳನ್ನು ಪಕ್ಕಕ್ಕೆ ಕರೆದರು. "ನನ್ ಮೊಮ್ಮಗನಿಗೂ ಹೊಟ್ಟೆ ಉಬ್ಬರ, ಭೇದಿ. ನಾಳೆಯಿಂದ ಗೋಧಿ ನಿಲ್ಲಿಸ್ಬಿಡ್ಲಾ?"

"ಬೇಡಮ್ಮ, ಹಂಗ್ ಮಾಡ್ಬೇಡಿ! ಮೊದಲು ಪರೀಕ್ಷೆ, ಆಮೇಲೆ ಪಥ್ಯ. ಗೋಧಿ ಬಿಟ್ಟ ಮೇಲೆ ಪರೀಕ್ಷೆ ಮಾಡಿದ್ರೆ ಕಾಯ್ಲೆ ಇದ್ರೂ ಸರಿಯಾಗಿ ಕಾಣಲ್ಲ. ಡಾಕ್ಟರ ಹತ್ರ ಕರ್ಕೊಂಡು ಹೋಗೋಣ. ರೂಪಾ, ನೀನೂ ಅಂಬರೀಶಣ್ಣನೂ ಒಂದ್ಸಲ ರಕ್ತ ಕೊಟ್ಟು ನೋಡ್ಬೇಕು. ಮನೇಲೊಬ್ರಿಗಿದ್ರೆ ರಕ್ತಸಂಬಂಧದಲ್ಲಿ ಹತ್ತಿರದವರಿಗೂ ಇರ್ಬೋದು."

ನಾಲ್ಕು ತಿಂಗಳಾದ ಮೇಲೆ ಸಿಂಚನಳ ರಕ್ತ ಪರೀಕ್ಷೆಯ ಅಂಕಿ ಅರ್ಧಕ್ಕಿಂತ ಕೆಳಗಿಳಿಯಿತು. ಪೂರ್ತಿ ಸರಿಯಾಗಲು ಇನ್ನೂ ಸಮಯ ಬೇಕು. ಕೊಳವೆ ಹಾಕುವುದು ಸದ್ಯಕ್ಕೆ ಬೇಡ ಎಂದರು ಡಾಕ್ಟರು. ಆಸ್ಪತ್ರೆಯಿಂದ ಹೊರಬಂದವರೇ ಮುನಿತಾಯಮ್ಮ ದಾರಿಯ ಹೋಟೆಲಿನಲ್ಲಿ ಇಡ್ಲಿ ತಂದಿಟ್ಟ ಹುಡುಗನನ್ನು ನಿಲ್ಲಿಸಿಕೊಂಡು, "ಇದಕ್ಕೆ ಯಾವ ರವೆ ಹಾಕ್ತೀರಪ್ಪ? ಸಾಂಬಾರಿಗೆ ಯಾವ ಹಿಂಗು?" ಎಂದು ಕೇಳಲು ಶುರು ಮಾಡಿದರು. ಅವನು ಒಳಗೆ ಹೋಗಿ ಅಡುಗೆಯವನನ್ನೇ ಕರೆತರುವವರೆಗೆ ಮಗುವಿನ ತಟ್ಟೆಯ ಮೇಲಿಟ್ಟ ಕೈ ತೆಗೆಯಲಿಲ್ಲ.

ಓದುತ್ತಿರುವ ತಾಯಂದಿರೇ, ಅಜ್ಜಿಯಂದಿರೇ, ಅಪ್ಪಂದಿರೇ: ನಿಮ್ಮ ಮನೆಯಲ್ಲಿ ಒಂದು ಮಗು ಬಹಳ ದಿನದಿಂದ ಭೇದಿ, ಹೊಟ್ಟೆ ಉಬ್ಬರದಿಂದ ನರಳುತ್ತಿದ್ದರೆ, ಸಿರಪ್ ಕುಡಿದರೂ ರಕ್ತ ಏರದಿದ್ದರೆ, ವಯಸ್ಸಿಗೆ ತಕ್ಕಂತೆ ಬೆಳೆಯದಿದ್ದರೆ ಡಾಕ್ಟರಿಗೆ ತೋರಿಸಿ, ಸೀಲಿಯಾಕ್ ಪರೀಕ್ಷೆಯ ಬಗ್ಗೆ ಕೇಳಿ. ಪರೀಕ್ಷೆಗೆ ಮೊದಲು ನೀವಾಗಿಯೇ ಗೋಧಿ ನಿಲ್ಲಿಸಬೇಡಿ. ಕಾಯಿಲೆ ಇಲ್ಲದವರು ಗೋಧಿ ಬಿಡಬೇಕಾಗಿಯೂ ಇಲ್ಲ. ಕಾಯಿಲೆ ಇದೆ ಎಂದು ಡಾಕ್ಟರು ಹೇಳಿದರೆ ಮಾತ್ರ ಒಂದು ಚೂರನ್ನೂ ಕೊಡಬೇಡಿ. ಅದು ಪ್ರಸಾದವಾಗಲಿ, ಕೇಕಾಗಲಿ, ಮುದ್ದೆಯ ಹಿಟ್ಟಿಗೆ ಬೀಳುವ ಒಂದು ಹಿಡಿಯಾಗಲಿ. ಅಂಥ ಮಗು ನಿಮ್ಮ ಮನೆಯ ಸಮಾರಂಭಕ್ಕೆ ಬಂದರೆ ಓದಿದವರ ಜಂಬ ಎಂದು ನಗಬೇಡಿ. ಅನ್ನ, ಸಾರು, ಪಲ್ಯವನ್ನಾದರೂ ಅದು ತಿನ್ನುವಂತೆ ಮಾಡಿ, ಬೇರೆ ಸೌಟು ಇಡಿ, ಮೊದಲು ಅದಕ್ಕೇ ಬಡಿಸಿ.

ಬಡಿಸುವ ಮೊದಲು ಒಂದೇ ಪ್ರಶ್ನೆ ಕೇಳಿ: ಇದರಲ್ಲಿ ಏನೇನಿದೆ? ಉತ್ತರ ಗೊತ್ತಿಲ್ಲದಿದ್ದರೆ, ಗೊತ್ತಾಗುವವರೆಗೆ ಬಡಿಸಬೇಡಿ.